ಟಿಕೆಟ್ ಇಟ್ಟರೆ ಸಂಸ್ಕೃತಿ, ಇಡದಿದ್ದರೆ ಮೌಢ್ಯ

ಪತ್ರಿಕೆಗಳ ಒಳಪುಟದ ಕೆಳಮೂಲೆಯಲ್ಲಿ ಅಂಗೈಯಗಲದ ಒಂದು ಜಾಗ ವಿದೇಶಿ ವಿಚಿತ್ರಗಳಿಗೆಂದೇ ಮೀಸಲು. ಗುಂಡ್ಲುಪೇಟೆ ಬಸ್ ನಿಲ್ದಾಣದ ಆಸುಪಾಸಿನ ಹೋಟೆಲುಗಳಲ್ಲಿ ಸಂಪಾದಕೀಯವನ್ನು ತಟ್ಟೆಯ ಕೆಳಗೆ ಹಾಸುವವರುಂಟು. ಆ ಮೂಲೆಯನ್ನು ಓದದೆ ಕೈ ತೊಳೆಯಲು ಏಳುವವರಿಲ್ಲ. ನಾನೂ ಅದರ ಕಾಯಂ ಓದುಗ. ಜಗತ್ತು ಎಷ್ಟು ಮುಂದುವರಿದಿದೆ, ನಾವು ಎಷ್ಟು ಹಿಂದುಳಿದಿದ್ದೇವೆ ಎಂದು ದಿನವೂ ತಿಳಿದುಕೊಳ್ಳಲು ಎರಡು ನಿಮಿಷ ಸಾಕು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪಂಕ್ಸುಟಾನಿ ಎಂಬ ಊರಿದೆ. 1887ರಿಂದ ಅಲ್ಲಿ ಪ್ರತಿವರ್ಷ ಫೆಬ್ರುವರಿ 2ರ ಬೆಳಗಿನ ಜಾವ, ಉದ್ದ ಟೊಪ್ಪಿ, ಕರಿ ಕೋಟು ತೊಟ್ಟ ಊರಿನ ದೊಡ್ಡ ಮನುಷ್ಯರು ಸೇರಿ, ಅಳಿಲಿನ ಕುಲಕ್ಕೆ ಸೇರಿದ ದಪ್ಪನೆಯ ಬಿಲಪ್ರಾಣಿಯೊಂದನ್ನು ಎತ್ತಿ ಹಿಡಿಯುತ್ತಾರೆ. ಹೆಸರು ಫಿಲ್. ಫಿಲ್ ತನ್ನ ನೆರಳು ಕಂಡರೆ ಇನ್ನೂ ಆರು ವಾರ ಚಳಿ. ಕಾಣದಿದ್ದರೆ ವಸಂತ ಬೇಗ ಬಂತು. ಸಾವಿರಾರು ಜನ ಕೊರೆಯುವ ಚಳಿಯಲ್ಲಿ ನಿಂತು ಚಪ್ಪಾಳೆ ಹೊಡೆಯುತ್ತಾರೆ, ಟಿವಿಯವರು ನೇರಪ್ರಸಾರ ಮಾಡುತ್ತಾರೆ. 1887ರಿಂದಲೂ ಅದೇ ಒಂದು ಫಿಲ್ ಬದುಕಿದೆ, ಅದಕ್ಕೆ ವರ್ಷಕ್ಕೊಮ್ಮೆ ಆಯಸ್ಸು ಹೆಚ್ಚಿಸುವ ರಸ ಕುಡಿಸುತ್ತೇವೆ ಎಂದು ಟೊಪ್ಪಿಯವರು ಮುಖ ಗಂಭೀರವಾಗಿಟ್ಟುಕೊಂಡೇ ಹೇಳುತ್ತಾರೆ. ಅಲ್ಲಿನ ಹವಾಮಾನ ಇಲಾಖೆ ಲೆಕ್ಕ ಹಾಕಿ ನೋಡಿದೆ: ಫಿಲ್ ಹೇಳಿದ್ದು ನಿಜವಾದದ್ದಕ್ಕಿಂತ ಸುಳ್ಳಾದದ್ದೇ ಹೆಚ್ಚು. ಯಾರಿಗೂ ಬೇಸರವಿಲ್ಲ. ಇದು ಪರಂಪರೆ.

ಜರ್ಮನಿಯ ಓಬರ್‌ಹೌಸೆನ್‌ನಲ್ಲಿ ಪಾಲ್ ಎಂಬ ಆಕ್ಟೋಪಸ್ ಇತ್ತು. 2010ರ ವಿಶ್ವಕಪ್ ಫುಟ್ಬಾಲಿನಲ್ಲಿ ಯಾರು ಗೆಲ್ಲುತ್ತಾರೆಂದು ಹೇಳಿ ಹೇಳಿ ಲೋಕಪ್ರಸಿದ್ಧವಾಯಿತು. ಅದೇ ವರ್ಷ ಸತ್ತಾಗ ಅದಕ್ಕೊಂದು ಸ್ಮಾರಕ ಕಟ್ಟಿದರು. ನಮ್ಮ ಸಂತೆಗಳಲ್ಲಿ ಅದೇ ಕೆಲಸ ಮಾಡುತ್ತಿದ್ದ ಗಿಳಿಶಾಸ್ತ್ರದವನ ಗತಿ ನಿಮಗೆ ಗೊತ್ತು. ಗಿಳಿಯನ್ನು ಪಂಜರದಲ್ಲಿಟ್ಟಿದ್ದಕ್ಕೆ ವನ್ಯಜೀವಿ ಕಾಯ್ದೆಯಲ್ಲಿ ಕೇಸು. ಕಾಯ್ದೆ ಸರಿಯಾಗಿಯೇ ಇದೆ, ಗಿಳಿ ಹಾರಲೇಬೇಕು. ಗಿಳಿಯವನು ಜರ್ಮನಿಯಲ್ಲಿ ಹುಟ್ಟಿದ್ದರೆ ಅವನಿಗೂ ಒಂದು ಗಾಜಿನ ಮನೆ, ಒಂದು ಟಿಕೆಟ್ ಕೌಂಟರ್ ಸಿಗುತ್ತಿತ್ತಲ್ಲ ಎಂಬುದಷ್ಟೇ ನನ್ನ ಸಂಕಟ.

ಇಂಥ ಸುದ್ದಿಗಳಿಗೆ ನಮ್ಮ ಸೀಮೆಯಲ್ಲಿ ಮನೆಗೊಬ್ಬ ಏಜೆಂಟ್ ಇರುತ್ತಾನೆ. ನಮ್ಮ ಮನೆಗೆ ಸೋದರಳಿಯ. ನ್ಯೂಜೆರ್ಸಿಯಲ್ಲಿ ಕಂಪ್ಯೂಟರ್ ಕೆಲಸ. ಡಿಸೆಂಬರಿನಲ್ಲಿ ಬಂದು ಮೂರು ವಾರ ಇದ್ದು, ಇರುವಷ್ಟು ದಿನವೂ 'ಅಲ್ಲಿ ಹಂಗಲ್ಲ ಮಾವ' ಎಂಬ ಒಂದೇ ವಾಕ್ಯದಲ್ಲಿ ಸಂಸಾರ ಮಾಡುತ್ತಾನೆ. ರಸ್ತೆಗೂ ಅದೇ, ಮೊಸರಿಗೂ ಅದೇ. ಈ ಸಲ ಅವನಿಗೆ ಸಿಕ್ಕ ವಿಷಯ ಚಾಮರಾಜನಗರದ ಶಾಪ.

ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾನೆ ಎಂಬ ಮಾತು ರಾಜ್ಯಕ್ಕೆಲ್ಲ ಗೊತ್ತು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಜೆ.ಎಚ್. ಪಟೇಲರು ಮುಖ್ಯಮಂತ್ರಿ. ಸಮಾಜವಾದಿ, ಯಾರಿಗೂ ಯಾವುದಕ್ಕೂ ಅಂಜದ ಮನುಷ್ಯ. ಅಂಥವರೂ ಜಿಲ್ಲಾ ಕೇಂದ್ರದ ಕಡೆ ಬರದೆ ಮಲೆ ಮಹದೇಶ್ವರ ಬೆಟ್ಟದಿಂದಲೇ ಜಿಲ್ಲೆಯನ್ನು ಉದ್ಘಾಟಿಸಿದರು. ಮದುವೆಗೆ ಬಂದವರು ಚಪ್ಪರದ ಹೊರಗೇ ಮುಯ್ಯಿ ಕೊಟ್ಟು ವಾಪಸಾದ ಹಾಗೆ. ಆಮೇಲೆ 2013ರಲ್ಲಿ ಬಂದ ಸಿದ್ದರಾಮಯ್ಯ ಶಾಪಕ್ಕೆ ಸೊಪ್ಪು ಹಾಕದೆ ಹಲವು ಸಲ ಬಂದು ಹೋದರು. ದೇವರಾಜ ಅರಸರ ನಂತರ ಪೂರಾ ಐದು ವರ್ಷ ಮುಗಿಸಿದವರು ಅವರೊಬ್ಬರೇ ಆದರು. ಶಾಪದ ಪಕ್ಷದವರು ಸೋಲೊಪ್ಪಲಿಲ್ಲ. 2018ರಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋತ ದಿನ, 'ಕಂಡ್ರಾ, ನಿಧಾನ್ಕೆ ತಗಲ್ತು ಕನಾ' ಎಂದರು. 2023ರಲ್ಲಿ ಅವರೇ ಮತ್ತೆ ಮುಖ್ಯಮಂತ್ರಿಯಾದಾಗ ಮಾತ್ರ ಎಲ್ಲರಿಗೂ ಒಟ್ಟಿಗೆ ತೋಟದ ಕೆಲಸ ನೆನಪಾಯಿತು.

'ನೋಡು ಮಾವ, ಈ ಕಾಲ್ದಲ್ಲೂ ಎಂಥಾ ಮೂಢನಂಬಿಕೆ' ಎಂದು ಅಳಿಯ ನಕ್ಕ. ನಗಲಿ. ಅವನ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ 12ರ ಗುಂಡಿ ಆದ ಮೇಲೆ ನೇರವಾಗಿ 14ರ ಗುಂಡಿ. ಹದಿಮೂರು ಅಪಶಕುನ. ಅವನು ವಾಸ ಮಾಡುವುದು ಹದಿನಾಲ್ಕನೇ ಮಹಡಿಯಲ್ಲಿ. ಅಂದರೆ ಬೆರಳು ಮಡಿಸಿ ಎಣಿಸಿದರೆ ಹದಿಮೂರನೆಯದರಲ್ಲಿ. ಬ್ಯಾಂಕಿನವರು ಅದೇ ಸುಳ್ಳು ಸಂಖ್ಯೆಯ ಮೇಲೆ ಮೂವತ್ತು ವರ್ಷದ ಸಾಲ ಕೊಟ್ಟಿದ್ದಾರೆ. ಇಟಲಿಗೆ ಹೋದರೆ ಹದಿನೇಳು ಆಗುವುದಿಲ್ಲ, ಜಪಾನಿನಲ್ಲಿ ನಾಲ್ಕು ಆಗುವುದಿಲ್ಲ. ಅಂಕಿಗೆ ಹೆದರಿದರೆ ಅದು ಕಟ್ಟಡ ವಿನ್ಯಾಸ, ಊರಿಗೆ ಹೆದರಿದರೆ ಮೌಢ್ಯ.

ಇನ್ನು ಕುರ್ಚಿ ಕಳೆದುಕೊಳ್ಳುವ ವಿಚಾರ. 2022ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ಪ್ರಧಾನಿಯಾದ ಲಿಜ್ ಟ್ರಸ್ ನಲವತ್ತೊಂಬತ್ತೇ ದಿನಕ್ಕೆ ಮನೆಗೆ ಹೋದರು. ಲಂಡನ್ನಿನ 'ಡೈಲಿ ಸ್ಟಾರ್' ಪತ್ರಿಕೆಯವರು ಒಂದು ಲೆಟಿಸ್ ಸೊಪ್ಪಿನ ಗೆಡ್ಡೆಗೆ ವಿಗ್ ಹಾಕಿ ಕ್ಯಾಮೆರಾ ಮುಂದೆ ಕೂರಿಸಿ, ಈ ಸೊಪ್ಪು ಮೊದಲು ಬಾಡುತ್ತದೋ ಪ್ರಧಾನಿ ಮೊದಲು ಇಳಿಯುತ್ತಾರೋ ಎಂದು ಪಣ ಕಟ್ಟಿದರು. ಸೊಪ್ಪು ಗೆದ್ದಿತು. ನಾನು ವಿಚಾರಿಸಿದ ಮಟ್ಟಿಗೆ ಆಯಮ್ಮ ಚಾಮರಾಜನಗರಕ್ಕೆ ಬಂದವರಲ್ಲ. ಸಂತೇಮರಹಳ್ಳಿ ವೃತ್ತದವರೆಗೂ ಬಂದಿಲ್ಲ. ಅವರನ್ನು ಇಳಿಸಿದ್ದು ಅವರದೇ ಬಜೆಟ್ಟು. ಆದರೆ ನಮ್ಮಲ್ಲಿ ಸರ್ಕಾರ ಬಿದ್ದರೆ ಅದಕ್ಕೆ ಕಾರಣ ಬಜೆಟ್ಟಲ್ಲ, ಶಾಸಕರ ರೆಸಾರ್ಟಲ್ಲ, ಬಡಪಾಯಿ ಚಾಮರಾಜನಗರ. ರಾಜಕಾರಣಿಗಳಿಗೆ ಇಷ್ಟು ಅಗ್ಗಕ್ಕೆ ಸಿಗುವ ನೆಪ ಬೇರೆ ಯಾವ ಊರೂ ಕೊಟ್ಟಿಲ್ಲ. ಬಾರದೆ ಇರುವುದಕ್ಕೆ ಶಾಪದ ನೆಪ. ಬಾರದ ಮೇಲೆ ಊರಿಗೆ ಏನೂ ಮಾಡದೆ ಇರುವುದಕ್ಕೂ ಅದೇ ನೆಪ.

ನಿಧಾನದ ವಿಷಯದಲ್ಲಿ ಮಾತ್ರ ನಾವು ವಿಶ್ವಮಟ್ಟದಲ್ಲಿದ್ದೇವೆ ಎಂದು ಇಲ್ಲೇ ಹೇಳಿಬಿಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು ತಂದೆ ಹುಟ್ಟಿದ ಊರೆಂದು ಅರಿಕುಠಾರದಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿ, ಊರಿಗೆ ತಂದೆಯ ಹೆಸರನ್ನೇ ಇಟ್ಟರು. ಬೇರೆ ಕಡೆ ಆಷಾಢ ಬಂದರೆ ಹೊಸ ಸೊಸೆಯನ್ನು ತವರಿಗೆ ಅಟ್ಟುತ್ತಾರೆ. ಇಲ್ಲಿ ಆಷಾಢದಲ್ಲೇ ತೇರು, ಹೊಸ ಜೋಡಿಗಳೆಲ್ಲ ಬಂದು ಹಣ್ಣು ಜವನ ಎಸೆಯಬೇಕು. 2017ರಲ್ಲಿ ಕಿಡಿಗೇಡಿಯೊಬ್ಬ ಆ ತೇರಿಗೆ ಬೆಂಕಿ ಇಟ್ಟ. ಹೊಸ ತೇರು ಬೀದಿಗೆ ಬಂದದ್ದು 2022ರಲ್ಲಿ. ಅಷ್ಟರಲ್ಲಿ ತೇರು ಕಾಣದೆ ಮದುವೆಯಾದ ಜೋಡಿಗಳ ಮಕ್ಕಳು ಅಂಗನವಾಡಿ ಸೇರಿದ್ದರು. ಪ್ಯಾರಿಸ್ಸಿನ ನೋತ್ರ್ ದಾಮ್ ಇಗರ್ಜಿ 2019ರ ಏಪ್ರಿಲ್ಲಿನಲ್ಲಿ ಉರಿದು, 2024ರ ಡಿಸೆಂಬರಿನಲ್ಲಿ ಮತ್ತೆ ಬಾಗಿಲು ತೆರೆಯಿತು. ಅದಕ್ಕೂ ಐದು ವರ್ಷ ಚಿಲ್ಲರೆ, ಇದಕ್ಕೂ ಐದು ವರ್ಷ ಚಿಲ್ಲರೆ. ಅದು ಎಂಟುನೂರು ವರ್ಷದ ಕಲ್ಲಿನ ಕಟ್ಟಡ, ಇದು ಮರದ ತೇರು ಎಂದು ಕೊಂಕು ತೆಗೆಯುವವರಿಗೆ ಇಲಾಖೆಯ ಕಡತ ಎಂದರೇನೆಂದು ಗೊತ್ತಿಲ್ಲ.

ಈಗ ಟೊಮೆಟೊ. ಸ್ಪೇನಿನ ಬುನ್ಯೋಲ್ ಎಂಬ ಊರಿನಲ್ಲಿ ಆಗಸ್ಟ್ ತಿಂಗಳ ಕೊನೆಯ ಬುಧವಾರ ಟನ್ನುಗಟ್ಟಲೆ ಟೊಮೆಟೊ ಬೀದಿಗೆ ಸುರಿಯುತ್ತಾರೆ. ಒಂದು ಗಂಟೆ ಹೊತ್ತು ಒಬ್ಬರಿಗೊಬ್ಬರು ಹೊಡೆದುಕೊಳ್ಳುವುದು. ಆಮೇಲೆ ಬೀದಿ ತೊಳೆಯುವುದು. 'ಲಾ ಟೊಮಾಟಿನಾ' ಎಂದು ಹೆಸರು. 2013ರಿಂದ ಟಿಕೆಟ್ ಕೂಡ ಇಟ್ಟಿದ್ದಾರೆ. ಅಳಿಯ ಹೋಗಿ ಬಂದು, ಕಿವಿಯೊಳಗೆಲ್ಲ ಟೊಮೆಟೊ ತುಂಬಿಕೊಂಡ ಫೋಟೊ ಕಳಿಸಿದ್ದ. 'ಬದುಕಿದ್ದಾಗ ಒಂದ್ಸಲ ನೋಡ್ಲೇಬೇಕು ಮಾವ.'

ನೋಡಿದ್ದೇವಪ್ಪ. ದರ ಬಿದ್ದ ವರ್ಷಗಳಲ್ಲಿ ತೆರಕಣಾಂಬಿ ಮಾರುಕಟ್ಟೆಯ ಕಡೆ ಬಾ, ಟಿಕೆಟ್ಟೇ ಇಲ್ಲದೆ ತೋರಿಸುತ್ತೇವೆ. ಕ್ರೇಟಿನ ಬಾಡಿಗೆ, ಕೀಳಿಸಿದ ಕೂಲಿ, ಆಟೊ ಚಾರ್ಜು ಕಳೆದರೆ ಕೈಗೆ ಬರುವುದು ಏನೂ ಇಲ್ಲ ಎಂದಾದಾಗ ರೈತ ಹಣ್ಣನ್ನು ರಸ್ತೆ ಬದಿಗೆ ಸುರಿದು ಹೋಗುತ್ತಾನೆ. ಅಷ್ಟೇ ಕೆಂಪು, ಅಷ್ಟೇ ರಸ. ಎಸೆಯುವವನ ಮುಖದಲ್ಲಿ ನಗು ಇಲ್ಲ ಎಂಬುದೊಂದೇ ಕೊರತೆ. 2011ರಲ್ಲಿ ಹಿಂದಿ ಸಿನಿಮಾವೊಂದರಲ್ಲಿ ಈ ಸ್ಪೇನಿನ ಆಟ ನೋಡಿದ ಹುರುಪಿಗೆ ಬೆಂಗಳೂರು, ಮೈಸೂರಿನಲ್ಲೂ ಟೊಮೆಟೊ ಎರಚಾಟ ಏರ್ಪಡಿಸಲು ಕೆಲವರು ಹೊರಟಿದ್ದರು. ಆಗಿನ ಮುಖ್ಯಮಂತ್ರಿ ಸದಾನಂದ ಗೌಡರು ತಿನ್ನುವ ಪದಾರ್ಥ ಪೋಲು ಮಾಡಬಾರದೆಂದು ತಡೆದರು. ಒಳ್ಳೆಯ ಕೆಲಸವೇ. ಅಲ್ಲಿಂದೀಚೆಗೆ ಮೋಜಿಗಾಗಿ ಟೊಮೆಟೊ ಎಸೆಯುವುದು ಮರ್ಯಾದಸ್ಥರಿಗೆ ಕಷ್ಟವಾಗಿದೆ. ನಷ್ಟಕ್ಕಾಗಿ ಎಸೆಯಲು ಯಾರ ಅಡ್ಡಿಯೂ ಇಲ್ಲ.

ಎರಚಾಟವೇ ಬೇಕೆಂದರೆ ಗಡಿ ದಾಟಿದರೆ ಆಯಿತು. ಚಾಮರಾಜನಗರಕ್ಕೆ ಅಂಟಿಕೊಂಡಂತೆಯೇ ತಮಿಳುನಾಡಿನ ತಾಳವಾಡಿ ಸೀಮೆ. 1956ರಲ್ಲಿ ಕೊಳ್ಳೇಗಾಲ ಮದರಾಸಿನಿಂದ ಬಿಡಿಸಿಕೊಂಡು ನಮ್ಮ ಕಡೆ ಬಂತು, ತಾಳವಾಡಿ ಅಲ್ಲೇ ಉಳಿಯಿತು. ಮನೆಯಲ್ಲಿ ಕನ್ನಡ, ಬಸ್ಸಿನ ಬೋರ್ಡಿನಲ್ಲಿ ತಮಿಳು. ರಾಜ್‌ಕುಮಾರ್ ಅವರ ಗಾಜನೂರು ಇರುವುದೂ ಅಲ್ಲೇ. ಅಲ್ಲಿನ ಗುಮಟಾಪುರದಲ್ಲಿ ಬಲಿಪಾಡ್ಯಮಿಯ ಮಾರನೆಯ ದಿನ ಗೊರೆಹಬ್ಬ. ಮನೆಮನೆಯ ಸಗಣಿಯನ್ನು ಟ್ರ್ಯಾಕ್ಟರುಗಳಲ್ಲಿ ತಂದು ಬೀರೇಶ್ವರನ ಗುಡಿ ಹಿಂದೆ ರಾಶಿ ಹಾಕುತ್ತಾರೆ. ಗಂಡಸರು ಬರಿಮೈಯಲ್ಲಿ ಇಳಿದು ಉಂಡೆ ಕಟ್ಟಿ ಬಡಿದಾಡುತ್ತಾರೆ. ಇದನ್ನು ವಿದೇಶಿ ಸುದ್ದಿಸಂಸ್ಥೆಗಳ ಫೋಟೊಗ್ರಾಫರುಗಳು ಬಂದು ತೆಗೆದು, 'ಭಾರತದ ಟೊಮಾಟಿನಾ' ಎಂದು ಕರೆದು ಜಗತ್ತಿಗೆಲ್ಲ ಹಂಚಿದರು. ಟೊಮಾಟಿನಾ ಶುರುವಾದದ್ದು 1945ರಲ್ಲಿ. ಅಜ್ಜನನ್ನು ಮೊಮ್ಮಗನ ಹೆಸರಿನಿಂದ ಗುರುತಿಸಿದ್ದಾರೆ, ಇರಲಿ. ಆ ಫೋಟೊ ನ್ಯೂಜೆರ್ಸಿ ಸುತ್ತಿ ವಾಟ್ಸಾಪಿನಲ್ಲಿ ನಮ್ಮ ಮನೆಗೆ ಬಂದಾಗ ಅಳಿಯನ ಷರಾ: 'ಛೀ, ಇದೆಲ್ಲಾ ಬೇಕಾ?'

ಗೊರೆಹಬ್ಬದಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಸಗಣಿಯಲ್ಲ, ಚಾಡಿಕೋರ. ಊರಿನಲ್ಲಿ ಒಬ್ಬರ ಮೇಲೊಬ್ಬರಿಗೆ ಚಾಡಿ ಹೇಳಿ ಮನೆ ಮುರಿಯುವವನ ವೇಷ ಹಾಕಿಸಿ, ಹುಲ್ಲಿನ ಗಡ್ಡ ಮೀಸೆ ಕಟ್ಟಿ, ಕತ್ತೆಯ ಮೇಲೆ ಮೆರವಣಿಗೆ ಮಾಡುತ್ತಾರೆ. ಯಾವ ವಿದೇಶಿ ಹಬ್ಬದಲ್ಲೂ ಇಂಥ ಅನುಕೂಲ ಇದ್ದಂತಿಲ್ಲ. ನಮ್ಮ ರಾಜ್ಯದ ರಾಜಕೀಯಕ್ಕೂ ಟಿವಿ ಚರ್ಚೆಗಳಿಗೂ ಈ ಪದ್ಧತಿ ವಿಸ್ತರಿಸಬಹುದಿತ್ತು. ಅಷ್ಟು ಕತ್ತೆಗಳನ್ನು ಎಲ್ಲಿಂದ ತರುವುದು ಎಂಬಲ್ಲಿಗೆ ಯೋಜನೆ ನಿಲ್ಲುತ್ತದೆ.

ಈಗ ಹೂವಿನ ವಿಷಯ. ನಿಜವಾದ ಜಗಳ ಇರುವುದು ಇಲ್ಲೇ.

ಮುಂಗಾರು ಹಿಡಿದು ಜುಲೈ ಬಂತೆಂದರೆ ಗುಂಡ್ಲುಪೇಟೆಯ ಸುತ್ತ, ಬೇಗೂರಿನಿಂದ ಹಂಗಳದವರೆಗೆ ಹೆದ್ದಾರಿಯ ಎರಡೂ ಕಡೆ ಸೂರ್ಯಕಾಂತಿ, ಚೆಂಡು ಹೂ. ಊಟಿಗೆ ಹೋಗುವ ಬೆಂಗಳೂರಿನವರು, ಓಣಂ ಹೂವಿಗೆ ಬರುವ ಕೇರಳದವರು, ಕಾರು ನಿಲ್ಲಿಸದೆ ಹೋಗುವವರೇ ಇಲ್ಲ. ನಿಲ್ಲಿಸಲಿ. ಆದರೆ ರಸ್ತೆಯಲ್ಲಿ ನಿಂತರೆ ಫೋಟೊ ಚೆನ್ನಾಗಿ ಬರುವುದಿಲ್ಲವಂತೆ. ಸಾಲಿನ ನಡುವೆ ನುಗ್ಗಬೇಕು, ಒಂದು ಹೂವನ್ನು ಬಗ್ಗಿಸಿ ಕೆನ್ನೆಗೆ ಒತ್ತಿಕೊಳ್ಳಬೇಕು, ಮಗುವನ್ನು ಗಿಡದ ಮೇಲೆ ಕೂರಿಸಲು ನೋಡಬೇಕು. ಮದುವೆಗೆ ಮುಂಚಿನ ಫೋಟೊದವರಾದರೆ ಹೊಗೆಯ ಡಬ್ಬಿ ಬೇರೆ. ಕೊನೆಗೆ ಕೆಲವು ರೈತರು ಬದುವಿನ ಮೇಲೆ ಹಗ್ಗ ಕಟ್ಟಿ, ಒಳಗೆ ಬರುವವರಿಗೆ ತಲೆಗಿಷ್ಟು ಎಂದು ಇಪ್ಪತ್ತೋ ಐವತ್ತೋ ಕೇಳತೊಡಗಿದರು. ಅಲ್ಲಿಂದ ಶುರು: 'ಫೋಟೊಗೂ ದುಡ್ಡಾ? ಹಗಲು ದರೋಡೆ! ಹಳ್ಳಿಯವರೂ ಕೆಟ್ಟುಹೋದರು.'

ಒಂದು ವರ್ಷ ಹಂಗಳದ ಹತ್ತಿರ ಅಳಿಯನ ಕಾರೂ ನಿಂತಿತು. ರಜೆ ಸಿಕ್ಕಿ ಆ ವರ್ಷ ಮಾತ್ರ ಆಗಸ್ಟಿನಲ್ಲಿ ಬಂದಿದ್ದ. ಹೊಲದ ಯಜಮಾನ ತಲೆಗೆ ಟವೆಲ್ ಸುತ್ತಿಕೊಂಡು ಬದುವಿನ ಮೇಲೆ ಕೂತಿದ್ದವರು ಕೈ ತೋರಿಸಿ ಐವತ್ತು ಎಂದರು. ಅಳಿಯ ಹಕ್ಕಿನ ಪ್ರಶ್ನೆ ಎತ್ತಿದ. ಹೂವು ಪ್ರಕೃತಿಯದು, ಪ್ರಕೃತಿ ಎಲ್ಲರದು. ಯಜಮಾನರು ಅಷ್ಟನ್ನೂ ಕೇಳಿಸಿಕೊಂಡು ಹೇಳಿದರು: 'ಊಂ ಕನಾ ಮೊಗ, ಊವು ಪ್ರಕುರ್ತಿದೇಯಾ. ಗೊಬ್ರ ನಂದು, ಬಾಡ್ಗೆ ಟ್ಯಾಕ್ಟ್ರುದು ನಂದು, ಸೊಸೈಟಿ ಸಾಲ್ವೂ ನಂದೇಯಾ. ನೀವು ತುಳ್ದು ಓದ್ ಮ್ಯಾಕೆ ಗಿಡ ಎತ್ತಿ ನಿಲ್ಸಕೆ ಪ್ರಕುರ್ತಿ ಬರಾಕಿಲ್ಲ.'

ಅಳಿಯ ಇಪ್ಪತ್ತಕ್ಕೆ ಚೌಕಾಸಿ ಮಾಡಿದ.

ಇದೇ ಅಳಿಯ ಹಾಲೆಂಡಿನ ಲಿಸ್ಸ ಎಂಬಲ್ಲಿರುವ ಕ್ಯೂಕೆನ್‌ಹಾಫ್ ತೋಟಕ್ಕೆ ಹೋಗಿದ್ದಾನೆ. ವಸಂತದಲ್ಲಿ ಎಂಟು ವಾರ ಮಾತ್ರ ತೆರೆಯುವ ತೋಟ, ಲಕ್ಷಾಂತರ ಟುಲಿಪ್ ಗೆಡ್ಡೆ. ಒಬ್ಬರಿಗೆ ಸುಮಾರು ಇಪ್ಪತ್ತು ಯೂರೊ ಟಿಕೆಟ್, ಕಾರು ನಿಲ್ಲಿಸಲು ಬೇರೆ. ಗಂಡ, ಹೆಂಡತಿ, ಮಗುವಿಗೆ ಎಷ್ಟಾಯಿತು ಎಂದು ಕೇಳಿದರೆ 'ಎಕ್ಸ್‌ಪೀರಿಯನ್ಸ್ ಮುಖ್ಯ ಮಾವ' ಎಂದ. ಆ ತೋಟದ ಹೊರಗೆ ಇರುವುದು ಮಾಮೂಲಿ ರೈತರ ಹೊಲಗಳು. ಅಲ್ಲೂ ಪ್ರವಾಸಿಗರು ನುಗ್ಗಿ ಗಿಡ ತುಳಿದು, ಸಾಕಾಗಿ ಹೋದ ಡಚ್ ರೈತರು ಹಗ್ಗ ಕಟ್ಟಿದರು, ದಯವಿಟ್ಟು ಹೂವಿಗೆ ಮರ್ಯಾದೆ ಕೊಡಿ ಎಂಬ ಫಲಕ ನೆಟ್ಟರು. ಹಾಲೆಂಡಿನಲ್ಲಿ ಹಗ್ಗ ಕಟ್ಟಿದರೆ ಅದು ನಾಗರಿಕ ಪ್ರಜ್ಞೆ, ಹಂಗಳದಲ್ಲಿ ದರೋಡೆ. ಕೆನಡಾದ ಹ್ಯಾಮಿಲ್ಟನ್ ಬಳಿ ಒಂದು ರೈತ ಕುಟುಂಬ 2018ರಲ್ಲಿ ನಮ್ಮವರಂತೆಯೇ ಸೂರ್ಯಕಾಂತಿ ಹೊಲಕ್ಕೆ ಬಂದವರಿಂದ ತಲೆಗೆ ಏಳೂವರೆ ಡಾಲರ್ ಇಸಿದುಕೊಳ್ಳತೊಡಗಿತು. ಎರಡನೇ ವಾರಾಂತ್ಯಕ್ಕೆ ಸಾವಿರಾರು ಕಾರು ಬಂದು ಹೆದ್ದಾರಿಯೇ ಕಟ್ಟಿ, ಪೊಲೀಸರು ಬಂದು ಮುಚ್ಚಿಸಬೇಕಾಯಿತು. ಫೋಟೊದ ಹುಚ್ಚು ಎಲ್ಲ ದೇಶದಲ್ಲೂ ಒಂದೇ. ಏಳೂವರೆ ಡಾಲರ್ ಅಂದರೆ ಆಗಿನ ಲೆಕ್ಕದಲ್ಲಿ ನಾನೂರು ರೂಪಾಯಿಗೆ ಹತ್ತಿರ. ನಮ್ಮ ಯಜಮಾನರು ಕೇಳಿದ್ದು ಐವತ್ತು.

ಚೆಂಡು ಹೂವಿನ ಕತೆ ಇನ್ನೂ ಮಜವಾಗಿದೆ. ಈ ಭಾಗದ ಚೆಂಡು ಹೂವಿನಲ್ಲಿ ದೇವರಿಗೆ ಹೋಗುವುದು ಕೊಂಚ, ಕಾರ್ಖಾನೆಗೆ ಹೋಗುವುದು ಬಹಳ. ಕಂಪನಿ ಬೀಜ ಕೊಟ್ಟು, ಕಿಲೋಗೆ ಇಷ್ಟು ಎಂದು ಮೊದಲೇ ದರ ಹೇಳಿ ಬೆಳೆಸುತ್ತದೆ. ಹೂವನ್ನು ಒಣಗಿಸಿ, ಬಣ್ಣ ಹಿಂಡಿ ಹೊರದೇಶಕ್ಕೆ ಕಳಿಸುತ್ತಾರೆ. ಅಲ್ಲಿ ಅದನ್ನು ಕೋಳಿಯ ಮೇವಿಗೆ ಬೆರೆಸುತ್ತಾರೆ. ಮೊಟ್ಟೆಯ ಹಳದಿ ಇನ್ನಷ್ಟು ಹಳದಿಯಾಗುತ್ತದೆ. ಅದೇ ಬಣ್ಣದಿಂದ ತೆಗೆದ ಲ್ಯೂಟೀನ್ ಕಣ್ಣಿಗೆ ಒಳ್ಳೆಯದೆಂದು ಮಾತ್ರೆಯಾಗುತ್ತದೆ. 'ಅಲ್ಲಿ ಮೊಟ್ಟೆ ಬಣ್ಣವೇ ಬೇರೆ ಮಾವ' ಎಂದು ಅಳಿಯ ಎಷ್ಟೋ ಸಲ ಹೇಳಿದ್ದಾನೆ. ಅಕ್ಕನಿಗೆ ಕಣ್ಣು ಮಂಜೆಂದು ಅಮೆರಿಕದಿಂದ ಒಂದು ಬಾಟಲಿ ಲ್ಯೂಟೀನ್ ಮಾತ್ರೆಯನ್ನೂ ತಂದಿದ್ದ. ಅಕ್ಕ ಅದನ್ನು ಚೆಂಡು ಹೂ ಬಿಡಿಸಲು ಹೊಲಕ್ಕೆ ಹೋಗುವ ಮುಂಚೆ ನುಂಗುತ್ತಾರೆ.

ಅರಿಶಿನದ್ದೂ ಇದೇ ದಾರಿ. ನಮ್ಮ ಜಿಲ್ಲೆಯ ಅರಿಶಿನ ಈರೋಡಿನ ಮಂಡಿಗೆ ಹೋಗಿ ದರಕ್ಕೆ ಕೈ ಕಟ್ಟಿ ನಿಲ್ಲುತ್ತದೆ. ಅರಿಶಿನ ಹಚ್ಚಿದರೆ ಗಾಯ ಮಾಯುತ್ತದೆ ಎಂದು ಕಂಡುಹಿಡಿದವರು ತಾವೇ ಎಂದು 1995ರಲ್ಲಿ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದವರು ಪೇಟೆಂಟ್ ಪಡೆದಿದ್ದರು. ನಮ್ಮ ಸಿಎಸ್‌ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು 1997ರಲ್ಲಿ ರದ್ದು ಮಾಡಿಸಿತು. ಪೇಟೆಂಟ್ ಹೋದರೇನು, ಹಾಲಿಗೆ ಅರಿಶಿನ ಬೆರೆಸಿ 'ಟರ್ಮೆರಿಕ್ ಲಾಟೆ' ಎಂದು ಐದಾರು ಡಾಲರಿಗೆ ಮಾರುವುದನ್ನು ತಡೆಯುವ ಕಾನೂನಿಲ್ಲ. ನೆಗಡಿಯಾದಾಗ ಅವ್ವ ಕೊಟ್ಟ ಅದೇ ಲೋಟವನ್ನು ಅಳಿಯ ಚಿಕ್ಕಂದಿನಲ್ಲಿ ಬಚ್ಚಲಿಗೆ ಚೆಲ್ಲುತ್ತಿದ್ದ.

ನಮ್ಮ ಕರಿಕಲ್ಲಂತೂ ವೀಸಾದ ತಾಪತ್ರಯವಿಲ್ಲದೆ ಯೂರೋಪು, ಜಪಾನಿಗೆ ಹೋಗಿ ಗೋರಿಯ ಕಲ್ಲಾಗಿದೆ. ಗುಡ್ಡ ಹೋದ ಜಾಗದಲ್ಲಿ ನಮಗೆ ನೀರು ತುಂಬಿದ ಹೊಂಡ ಉಳಿದಿದೆ.

ಬಂಡೀಪುರದ ಬಗ್ಗೆ ಒಂದು ಮಾತು ಹೇಳದೆ ಗುಂಡ್ಲುಪೇಟೆ ಮುಗಿಯುವುದಿಲ್ಲ. 2020ರ ಜನವರಿಯಲ್ಲಿ ಇಂಗ್ಲೆಂಡಿನ ಬೇರ್ ಗ್ರಿಲ್ಸ್ ರಜನಿಕಾಂತರನ್ನು ಕರೆದುಕೊಂಡು ಬಂದು ಇಲ್ಲಿ ಶೂಟಿಂಗ್ ಮಾಡಿದ. ರಜನಿಕಾಂತರಿಗೆ ಮುಳ್ಳು ತರಚಿದ್ದು ಅಂದು ದೇಶಕ್ಕೆಲ್ಲ ಸುದ್ದಿ. ಅದೇ ಕಾಡಿನಲ್ಲಿ ತಲೆಮಾರುಗಳಿಂದ ಮುಳ್ಳು ಚುಚ್ಚಿಸಿಕೊಂಡು ಬದುಕಿ, ಕೊನೆಗೆ ಹುಲಿಗಾಗಿ ಕಾಡಿನಂಚಿನ ಹಾಡಿಗಳಿಗೆ ಬಂದು ಬಿದ್ದ ಸೋಲಿಗರು, ಜೇನುಕುರುಬರ ಕಾಲಿಗೆ ಕ್ಯಾಮೆರಾ ಬಗ್ಗಲಿಲ್ಲ. ಇನ್ನು ಈ ಕಾಡಿನ ಹೆದ್ದಾರಿಯಲ್ಲಿ 2009ರಿಂದ ಇರುವ ರಾತ್ರಿ ಸಂಚಾರ ನಿಷೇಧ. ಕೆನಡಾದ ಬ್ಯಾನ್ಫಿನಲ್ಲಿ ಪ್ರಾಣಿಗಳಿಗೆಂದೇ ಹೆದ್ದಾರಿ ಮೇಲೆ ಸೇತುವೆ ಕಟ್ಟಿರುವ ವಿಡಿಯೊಗೆ ಹೃದಯದ ಚಿಹ್ನೆ ಒತ್ತಿದ ಬೆರಳೇ, ರಾತ್ರಿ ಒಂಬತ್ತೂ ಐದಕ್ಕೆ ಗೇಟಿನ ಮುಂದೆ ಹಾರ್ನ್ ಒತ್ತುತ್ತದೆ.

ಆದ್ದರಿಂದ ಈ ಕಡೆ ಬರುವ ಬಂಧುಗಳಲ್ಲಿ, ನನ್ನ ಅಳಿಯನನ್ನೂ ಸೇರಿಸಿ, ಒಂದೆರಡು ವಿನಂತಿ. ಜುಲೈನಿಂದ ಸೆಪ್ಟೆಂಬರ್ ಒಳಗೆ ಬನ್ನಿ, ಹೂವು ಇರುತ್ತದೆ. ಕಾರನ್ನು ಹೆದ್ದಾರಿಯ ಮೇಲಲ್ಲ, ಪಕ್ಕಕ್ಕೆ ನಿಲ್ಲಿಸಿ. ಹೊಲದ ಯಜಮಾನರು ಬದುವಿನ ಮೇಲೆ ಕಾಣದಿದ್ದರೆ ಕೂಗಿ ಕರೆಯಿರಿ, ಹತ್ತಿರದಲ್ಲೇ ಎಲ್ಲೋ ಇರುತ್ತಾರೆ, ಕೇಳದೆ ಇಳಿಯಬೇಡಿ. ಐವತ್ತು ಎಂದರೆ ಐವತ್ತು ಕೊಡಿ, ಚೌಕಾಸಿ ಬೇಡ. ಗೂಗಲ್ ಪೇ ಇಟ್ಟಿದ್ದಾರೆ. ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟ್ ಹಾಕುತ್ತಾರೆ, ಬೆಳಿಗ್ಗೆ ಆರಕ್ಕೆ ತೆಗೆಯುತ್ತಾರೆ.